ಪೋಲೀಸರ ಮೇಲೆ ಬರೆದ ಅರ್ಜಿಗಳ ಚರಿತ್ರೆ

ಪೋಲೀಸರ ಮೇಲೆ ದೂರು ಕೊಡಬೇಕಾದರೆ ಎಲ್ಲಿಗೆ ಹೋಗಬೇಕು? ಪೋಲೀಸ್ ಸ್ಟೇಷನ್ನಿಗೆ. ಇದನ್ನು ತಮಾಷೆ ಅಂತ ತಿಳಿಯಬೇಡಿ. ಹಳ್ಳಿಗಳಲ್ಲಿ ಅರ್ಜಿ ಬರೆದುಕೊಡುವ ಮೇಷ್ಟರುಗಳಿಗೆ, ಕಾಲೇಜು ಓದುವ ಹುಡುಗರಿಗೆ, ಸಂಘಟನೆಯ ಗೆಳೆಯರಿಗೆ ಇದು ದಿನನಿತ್ಯದ ಪಾಡು.

ಕೆಲವು ವರ್ಷಗಳ ಹಿಂದೆ ನಾವೂ ಇಂಥ ಒಂದು ಅರ್ಜಿ ಬರೆದೆವು. ಕೇರಿಯ ಒಬ್ಬ ಹುಡುಗನನ್ನು ಪಂಪ್‌ಸೆಟ್ಟು ಕದ್ದ ಅನುಮಾನದ ಮೇಲೆ ಎತ್ತಿಕೊಂಡು ಹೋಗಿ, ಮೂರು ದಿನ ಇಟ್ಟುಕೊಂಡು, ನಾಲ್ಕನೇ ದಿನ ಹೊರಗೆ ಬಿಟ್ಟಿದ್ದರು. ಸ್ಟೇಷನ್ನಿನ ಯಾವ ಪುಸ್ತಕದಲ್ಲೂ ಅವನ ಹೆಸರಿರಲಿಲ್ಲ. ಅಂಗಾಲು ಊದಿಕೊಂಡು ನೆಲಕ್ಕೆ ಊರಲಾಗುತ್ತಿರಲಿಲ್ಲ. ನಾವು ಕಾಗದ ಪೆನ್ನು ಹಿಡಿದು ಜಗಲಿ ಮೇಲೆ ಕೂತಾಗ ಅವನ ಅವ್ವ ಅಂದಳು: 'ಬರೀರಪ್ಪ, ಬ್ಯಾಡ ಅನ್ನಾಕಿಲ್ಲ. ಆದ್ರೆ ನನ್ನೆಸ್ರು ಮಾತ್ರ ಹಾಕ್ಬ್ಯಾಡಿ.' ಹೆಸರಿಲ್ಲದ ಅರ್ಜಿ ನಡೆಯುವುದಿಲ್ಲ ಅಂತ ನಮಗೆ ಗೊತ್ತಿತ್ತು. ಹೆಸರು ಹಾಕಿದರೆ ಏನಾಗುತ್ತದೆ ಅಂತ ಅವಳಿಗೆ ಗೊತ್ತಿತ್ತು. ಕೊನೆಗೆ ಕೆಳಗೆ 'ಗ್ರಾಮಸ್ಥರು' ಅಂತ ಬರೆದು ಎಸ್ಪಿಯವರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಹಾಕಿದೆವು. ಅದು ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ, ಅಲ್ಲಿಂದ ಇನ್ನೂ ಕೆಳಕ್ಕೆ ಇಳಿದು, 'ವಿಚಾರಿಸಿ ವರದಿ ಮಾಡುವುದು' ಅನ್ನುವ ಷರಾ ಹೊತ್ತುಕೊಂಡು ಅದೇ ಸ್ಟೇಷನ್ನಿಗೆ ಬಂದು ಕೂತಿತು.

ಈ ದಾರಿಯನ್ನು ಯಾರು ಹಾಕಿದರು ಅಂತ ಹುಡುಕುತ್ತಾ ಹೋದರೆ ನಾವು ಮುಟ್ಟುವುದು ಮದ್ರಾಸು, 1854. ಆ ವರ್ಷದ ಜುಲೈ ತಿಂಗಳಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಮದ್ರಾಸ್ ಪ್ರಾಂತದ ರೈತರನ್ನು ಕಂದಾಯಕ್ಕಾಗಿ ಹಿಂಸಿಸುತ್ತಾರೆ ಅನ್ನುವ ಮಾತು ಎದ್ದಿತು. ಕಂಪನಿ ಸರ್ಕಾರಕ್ಕೆ ಮುಖ ಉಳಿಸಿಕೊಳ್ಳಬೇಕಾಗಿತ್ತು. ಎಲಿಯಟ್, ಸ್ಟೋಕ್ಸ್, ನಾರ್ಟನ್ ಅನ್ನುವ ಮೂವರ ಕಮಿಷನ್ ನೇಮಿಸಿತು. ಯಾರಿಗೆ ಹಿಂಸೆಯಾಗಿದೆಯೋ ಅವರು ಬಂದು ಹೇಳಿಕೊಳ್ಳಬಹುದು ಅಂತ ಪ್ರಕಟಣೆ ಹೊರಟಿತು. ಬಂದ ದೂರು 1,959. ಅವರಲ್ಲಿ 519 ಮಂದಿ ಖುದ್ದಾಗಿ ಬಂದು ಹೇಳಿಕೊಂಡವರು. ರೈಲಿಲ್ಲದ, ಬಸ್ಸಿಲ್ಲದ ಕಾಲದಲ್ಲಿ ಹೊಟ್ಟೆಗೆ ಬುತ್ತಿ ಕಟ್ಟಿಕೊಂಡು, ತಮ್ಮನ್ನು ಹೊಡೆದ ಸರ್ಕಾರದ ಮುಂದೆಯೇ ನಿಂತು ಹೊಡೆದರು ಅಂತ ಹೇಳುವುದು ಸಣ್ಣ ಮಾತಲ್ಲ. ಶಾಲೆಯ ಚರಿತ್ರೆ ಪುಸ್ತಕಗಳಲ್ಲಿ ಡಾಲ್‌ಹೌಸಿಗೆ ಪಾಠ ಇದೆ, ಈ 519 ಮಂದಿಗೆ ಒಂದು ಸಾಲೂ ಇಲ್ಲ.

ಆಗ ಬಳ್ಳಾರಿ ಸೀಮೆ, ಮಂಗಳೂರು ಕಾರವಾರಗಳ ಕೆನರಾ, ಕೊಯಮತ್ತೂರಿಗೆ ಸೇರಿದ್ದ ಕೊಳ್ಳೇಗಾಲ ಎಲ್ಲ ಮದ್ರಾಸಿನ ಕೈಕೆಳಗೇ ಇದ್ದವು. ಆದ್ದರಿಂದ ಇದು ಪಕ್ಕದ ಮನೆಯ ಕಥೆಯಲ್ಲ.

1855ರಲ್ಲಿ ಬಂದ ವರದಿಯಲ್ಲಿ ಹಿಂಸೆಯ ಬಗೆಗಳು ದಾಖಲಾಗಿವೆ. ಬೆರಳುಗಳನ್ನು ನಿಂಬೆಹಣ್ಣು ಹಿಂಡುವ ಹಾಗೆ ಎರಡು ಮರದ ತುಂಡುಗಳ ನಡುವೆ ಸಿಕ್ಕಿಸಿ ಅದುಮುವುದು. ಇದಕ್ಕೆ ತಮಿಳಿನಲ್ಲಿ ಕಿಟ್ಟಿ ಅಂತ ಹೆಸರು. ಕತ್ತನ್ನು ಬಗ್ಗಿಸಿ ಕಾಲಿಗೆ ಕಟ್ಟಿ ಬೆನ್ನ ಮೇಲೆ ಕಲ್ಲು ಹೇರಿ ನಿಲ್ಲಿಸುವುದು. ಕಣ್ಣಿಗೆ ಮೆಣಸಿನಪುಡಿ. ಇದನ್ನು ಓದಿದಾಗ ನಮ್ಮ ಗೆಳೆಯರೊಬ್ಬರು 'ಲಾಠಿ, ರೋಲರು ಮಾತ್ರ ಆಮೇಲೆ ಬಂದದ್ದು' ಅಂದರು. ಕಾರ್ಲ್ ಮಾರ್ಕ್ಸ್ ಈ ವರದಿಯನ್ನು ಲಂಡನ್ನಿನಲ್ಲಿ ಕೂತು ಓದಿ, 1857ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪತ್ರಿಕೆಗೆ ಲೇಖನ ಬರೆದ. ಸಿಪಾಯಿಗಳ ಕ್ರೌರ್ಯದ ಬಗ್ಗೆ ಇಂಗ್ಲೆಂಡ್ ಬಾಯಿ ಬಡಿದುಕೊಳ್ಳುತ್ತಿದ್ದ ಹೊತ್ತಿನಲ್ಲಿ ಅವನು ಈ ಕಡತವನ್ನು ಎತ್ತಿ ತೋರಿಸಿದ.

ಆದರೆ ನಮಗೆ ಮುಖ್ಯವಾದದ್ದು ಹಿಂಸೆಯ ಪಟ್ಟಿಯಲ್ಲ. ಹಿಂಸೆಗೆ ಒಳಗಾದವನಿಗೆ ಪರಿಹಾರ ಸಿಗುವುದು ಎಷ್ಟು ಕಷ್ಟ ಅನ್ನುವುದನ್ನು ಕಮಿಷನ್ನೇ ಒಪ್ಪಿಕೊಂಡಿತ್ತು. ತಾಲೂಕಿನಲ್ಲಿ ಕಂದಾಯ ವಸೂಲಿಗೆ ತಹಸೀಲ್ದಾರನೇ ಮುಖ್ಯಸ್ಥ, ಪೋಲೀಸಿಗೂ ಅವನೇ ಮುಖ್ಯಸ್ಥ. ಮೇಲೆ ಕಲೆಕ್ಟರೇ ಮ್ಯಾಜಿಸ್ಟ್ರೇಟ್. ಹೊಡೆಸಿದವನು, ವಿಚಾರಿಸುವವನು, ತೀರ್ಪು ಹೇಳುವವನು ಎಲ್ಲ ಒಂದೇ ಕುಟುಂಬ. ಇಷ್ಟನ್ನು ಒಪ್ಪಿಕೊಂಡ ಕಮಿಷನ್ ತಪ್ಪನ್ನು ಮಾತ್ರ ಕೆಳಗಿನ ದೇಶೀ ನೌಕರರ ತಲೆಗೆ ಕಟ್ಟಿ ಬಿಳಿ ಅಧಿಕಾರಿಗಳನ್ನು ಬಿಡಿಸಿಕೊಂಡಿತು. ಇನ್ನೊಂದು ಮಾತು: ಈ ದೂರುಗಳಲ್ಲಿ ಬಹಳಷ್ಟು ಕಂದಾಯ ಕಟ್ಟುವ ರೈತರವು. ಭೂಮಿಯೇ ಇಲ್ಲದವನಿಗೆ ಕಂದಾಯವೂ ಇಲ್ಲ. ಹೊಲಗೇರಿ ಮಾದಿಗೇರಿಗಳ ಮೈಮೇಲೆ ಬಿದ್ದ ಪೆಟ್ಟು ಆ ಲೆಕ್ಕಕ್ಕೆ ಪೂರ್ತಿ ಬಂದಿರಲಾರದು ಅನ್ನುವುದು ನಮ್ಮ ಊಹೆ.

ವರದಿಯ ಫಲವಾಗಿ ಕಂದಾಯವನ್ನೂ ಪೋಲೀಸನ್ನೂ ಬೇರ್ಪಡಿಸಿದರು. 1859ರಲ್ಲಿ ಮದ್ರಾಸಿಗೆ, 1861ರಲ್ಲಿ ಬೇರೆ ಹಲವು ಪ್ರಾಂತಗಳಿಗೆ ಪೋಲೀಸ್ ಕಾಯಿದೆ ಬಂತು. ಇದರ ನಡುವೆ 1857 ಆಗಿಹೋಗಿತ್ತು. ಆಳುವವರಿಗೆ ಬೇಕಾಗಿದ್ದದ್ದು ಜನರ ದೂರು ಕೇಳುವ ಪೋಲೀಸಲ್ಲ, ಜನರನ್ನು ಹದ್ದಿನಲ್ಲಿಡುವ ಪೋಲೀಸು. 1861ರ ಕಾಯಿದೆಯ 42ನೇ ಸೆಕ್ಷನ್ ನೋಡಿ: ಈ ಕಾಯಿದೆಯ ಪ್ರಕಾರ ಮಾಡಿದ ಕೆಲಸಕ್ಕಾಗಿ ಪೋಲೀಸಿನವನ ಮೇಲೆ ದಾವೆ ಹೂಡಬೇಕಾದರೆ ಮೂರು ತಿಂಗಳೊಳಗೆ ಹೂಡಬೇಕು, ಹೂಡುವ ಒಂದು ತಿಂಗಳ ಮುಂಚೆ ನೋಟೀಸು ಕೊಡಬೇಕು. ಸಾಲ ವಸೂಲಿಗೆ ಸಾಹುಕಾರನಿಗೆ ವರ್ಷಗಟ್ಟಲೆ ಅವಕಾಶ ಕೊಟ್ಟ ಕಾನೂನು ಮೂಳೆ ಮುರಿಸಿಕೊಂಡವನಿಗೆ ಕೊಟ್ಟದ್ದು ಮೂರು ತಿಂಗಳು. ಮುರಿದ ಮೂಳೆ ಕೂಡುವುದಕ್ಕೇ ಅಷ್ಟು ಬೇಕು.

ಅದೇ 1861ರಲ್ಲಿ ಕಲ್ಕತ್ತೆಯ ಸುಪ್ರೀಂ ಕೋರ್ಟಿನಲ್ಲಿ ಒಂದು ಕುದುರೆಯ ಕೇಸು ತೀರ್ಮಾನವಾಯಿತು. ಪೆನಿನ್ಸುಲರ್ ಅಂಡ್ ಓರಿಯಂಟಲ್ ಅನ್ನುವ ಹಡಗು ಕಂಪನಿಯ ಗಾಡಿ ಕಿದ್ದರ್‌ಪುರದ ಸರ್ಕಾರಿ ಹಡಗುಕಟ್ಟೆಯ ಮೂಲಕ ಹೋಗುತ್ತಿತ್ತು. ಸರ್ಕಾರದ ಕೂಲಿಗಳು ಹೊತ್ತೊಯ್ಯುತ್ತಿದ್ದ ಕಬ್ಬಿಣದ ತುಂಡು ಕೆಳಗೆ ಬಿತ್ತು, ಕುದುರೆಗಳು ಬೆದರಿದವು, ಒಂದಕ್ಕೆ ಪೆಟ್ಟಾಯಿತು. ಕಂಪನಿ 350 ರೂಪಾಯಿ ಕೇಳಿತು. ಸರ್ಕಾರ ಹೊಣೆ ಅಂತ ಮುಖ್ಯ ನ್ಯಾಯಾಧೀಶ ಬಾರ್ನ್ಸ್ ಪೀಕಾಕ್ ತೀರ್ಪು ಕೊಟ್ಟ. ಕುದುರೆಗೆ ನ್ಯಾಯ ಸಿಕ್ಕಿತು. ನಮಗೆ ಸಂತೋಷವೇ, ಕುದುರೆಯ ಮೇಲೆ ನಮಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ತೀರ್ಪಿನೊಳಗೆ ಒಂದು ಮುಳ್ಳು ಉಳಿಯಿತು. ಹಡಗು ರಿಪೇರಿ ಯಾರು ಬೇಕಾದರೂ ಮಾಡಬಹುದಾದ ಕೆಲಸ, ಅದಕ್ಕೆ ಸರ್ಕಾರ ಹೊಣೆ. ಆದರೆ ರಾಜ್ಯಾಧಿಕಾರದ ಕೆಲಸ, ಅಂದರೆ ದೊರೆ ಮಾತ್ರ ಮಾಡಬಲ್ಲ ಕೆಲಸದಲ್ಲಿ ಅನ್ಯಾಯವಾದರೆ ಸರ್ಕಾರದ ಮೇಲೆ ದಾವೆ ಇಲ್ಲ ಅನ್ನುವ ಮುಳ್ಳು. ಹಿಡಿಯುವುದು, ಕೂಡಿಹಾಕುವುದು, ಜಪ್ತಿ ಮಾಡುವುದು ಯಾವುದರಲ್ಲಿ ಬಂತು?

ಉತ್ತರ ಬಂದದ್ದು ನೂರು ವರ್ಷ ಕಳೆದ ಮೇಲೆ, ದೊರೆಗಳೆಲ್ಲ ಹಡಗು ಹತ್ತಿ ಹೋದ ಮೇಲೆ. 1947ರ ಸೆಪ್ಟೆಂಬರ್ 20ರ ರಾತ್ರಿ ಅಮೃತಸರದ ಒಬ್ಬ ಚಿನಿವಾರ ವ್ಯಾಪಾರಿ ಚಿನ್ನ ಬೆಳ್ಳಿ ಮಾರಲು ಮೀರತ್ತಿಗೆ ಬಂದಿದ್ದ. ಕಾನ್‌ಸ್ಟೇಬಲ್‌ಗಳು ಅನುಮಾನದ ಮೇಲೆ ಹಿಡಿದು ಲಾಕಪ್ಪಿಗೆ ಹಾಕಿದರು. 103 ತೊಲಕ್ಕೂ ಮೇಲಿನ ಚಿನ್ನ ಪೋಲೀಸ್ ಮಾಲ್‌ಖಾನೆ ಸೇರಿತು. ಮರುದಿನ ಅವನನ್ನು ಬಿಟ್ಟರು, ಆಮೇಲೆ ಬೆಳ್ಳಿಯೂ ವಾಪಸ್ಸು ಬಂತು, ಚಿನ್ನ ಬರಲಿಲ್ಲ. ಮಾಲ್‌ಖಾನೆ ನೋಡಿಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಅದನ್ನು ಎತ್ತಿಕೊಂಡು ಪಾಕಿಸ್ತಾನಕ್ಕೆ ಹೋಗಿಬಿಟ್ಟಿದ್ದ. ಕಸ್ತೂರಿಲಾಲ್ ರಲಿಯಾರಾಮ್ ಅನ್ನುವ ಆ ಅಂಗಡಿ ಸರ್ಕಾರದ ಮೇಲೆ ಹೂಡಿದ ದಾವೆ 1964ರ ಸೆಪ್ಟೆಂಬರಿನಲ್ಲಿ ದೆಹಲಿಯ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಪೋಲೀಸರ ಅಜಾಗರೂಕತೆ ನಿಜ ಅಂತ ಕೋರ್ಟು ಒಪ್ಪಿತು. ಆದರೆ ಬಂಧನ ಮತ್ತು ಜಪ್ತಿ ರಾಜ್ಯಾಧಿಕಾರದ ಕೆಲಸ, ಆದ್ದರಿಂದ ಸರ್ಕಾರ ಹೊಣೆಯಲ್ಲ ಅಂದಿತು. ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡಕರ್ ಅವರಿಗೇ ಈ ಫಲ ಸರಿಬರಲಿಲ್ಲ. ಶಾಸನಸಭೆ ಒಂದು ಕಾನೂನು ಮಾಡಿ ಇದನ್ನು ಸರಿಪಡಿಸಬೇಕು ಅಂತ ತೀರ್ಪಿನಲ್ಲೇ ಬರೆದರು. ಕಾನೂನು ಆಯೋಗ ತನ್ನ ಮೊಟ್ಟಮೊದಲ ವರದಿಯಲ್ಲಿ, 1956ರಲ್ಲೇ, ಇದನ್ನು ಹೇಳಿತ್ತು. 1965ರಲ್ಲಿ ಒಂದು ಮಸೂದೆ, 1967ರಲ್ಲಿ ಇನ್ನೊಂದು ಮಸೂದೆ ಬಂದವು, ಎರಡೂ ಸತ್ತವು. ಅಂಥ ಕಾನೂನು ಇವತ್ತಿಗೂ ಇಲ್ಲ. ತಮ್ಮ ಸಂಬಳ ಭತ್ಯೆಯ ಮಸೂದೆಗಳನ್ನು ಈ ಸಭೆಗಳು ಹೀಗೆ ಸಾಯಲು ಬಿಟ್ಟದ್ದನ್ನು ನಾವು ಕೇಳಿಲ್ಲ.

ಸಿವಿಲ್ ಕೋರ್ಟಿನ ಬಾಗಿಲಿಗೆ ಹೀಗೆ ಅಗುಳಿ ಬಿದ್ದ ಮೇಲೆ ಜನ ಇನ್ನೊಂದು ಬಾಗಿಲು ತಟ್ಟಿದರು. ಅದು ಸಂವಿಧಾನದ 32ನೇ ವಿಧಿ. ಮೂಲಭೂತ ಹಕ್ಕಿಗೆ ಪೆಟ್ಟು ಬಿದ್ದರೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗುವ ಹಕ್ಕು. ಇದೇ ಸಂವಿಧಾನದ ಆತ್ಮ, ಇದೇ ಹೃದಯ ಅಂತ ಅಂಬೇಡ್ಕರ್ 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಹೇಳಿದ್ದರು. ಈ ಬಾಗಿಲು ಪರಿಹಾರದ ಹಣಕ್ಕಾಗಿ ತೆರೆದುಕೊಳ್ಳಲು 1983 ಆಗಬೇಕಾಯಿತು. ಬಿಹಾರದ ರುದುಲ್ ಸಾಹ್ ಅನ್ನುವವನನ್ನು ಮುಜಫರಪುರದ ಸೆಷನ್ಸ್ ಕೋರ್ಟು 1968ರ ಜೂನ್ 3ರಂದು ನಿರ್ದೋಷಿ ಅಂತ ಬಿಡುಗಡೆ ಮಾಡಿತ್ತು. ಜೈಲಿನಿಂದ ಅವನು ಹೊರಗೆ ಬಂದದ್ದು 1982ರ ಅಕ್ಟೋಬರ್ 16ರಂದು. ಹದಿನಾಲ್ಕು ವರ್ಷ! ಸುಪ್ರೀಂ ಕೋರ್ಟು ಬಿಹಾರ ಸರ್ಕಾರದಿಂದ ಅವನಿಗೆ ಒಟ್ಟು 35,000 ರೂಪಾಯಿ ಕೊಡಿಸಿತು, ಇನ್ನೂ ಬೇಕಾದರೆ ದಾವೆ ಹೂಡಿಕೊಳ್ಳಬಹುದು ಅಂದಿತು. ನಾವು ಲೆಕ್ಕ ಹಾಕಿ ನೋಡಿದೆವು. ದಿನಕ್ಕೆ ಏಳು ರೂಪಾಯಿಯೂ ಬೀಳುವುದಿಲ್ಲ.

ಎರಡು ವರ್ಷದ ನಂತರ, 1985ರಲ್ಲಿ, ಜಮ್ಮು ಕಾಶ್ಮೀರದ ಶಾಸಕ ಭೀಮ್ ಸಿಂಗ್ ವಿಧಾನಸಭೆಗೆ ಹೋಗದಂತೆ ಪೋಲೀಸರು ಹಿಡಿದು ಸುಮಾರು ಒಂದು ವಾರ ಇಟ್ಟುಕೊಂಡರು. ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಪೋಲೀಸರಿಗೆ ಛೀಮಾರಿ ಹಾಕಿ 50,000 ರೂಪಾಯಿ ಕೊಡಿಸಿದರು. ಅದು ಸರಿಯಾದ ತೀರ್ಪು, ನಮ್ಮ ತಕರಾರಿಲ್ಲ. ಆದರೂ ಶಾಸಕನ ಒಂದು ವಾರ ಬಡವನ ಹದಿನಾಲ್ಕು ವರ್ಷಕ್ಕಿಂತ ಭಾರ ತೂಗಿತಲ್ಲ, ಆ ತಕ್ಕಡಿಯ ಬಗ್ಗೆ ನಮ್ಮ ತಕರಾರು.

ತಕ್ಕಡಿಯ ಇನ್ನೊಂದು ತುದಿ ದೆಹಲಿಯ ಆನಂದ ಪರ್ಬತ್ ಪೋಲೀಸ್ ಠಾಣೆಯಲ್ಲಿದೆ. ಅಲ್ಲಿಯ ಪೋಲೀಸರು ಕೆಲವು ಬಡ ಕೂಲಿಗಳನ್ನು ಠಾಣೆಯ ಕೆಲಸಕ್ಕೆ ಅಂತ ಕರೆದುಕೊಂಡು ಹೋದರು. ಕೆಲಸ ಮುಗಿದ ಮೇಲೆ ಕೂಲಿ ಕೇಳಿದರು. ಕೂಲಿಯ ಬದಲು ಹೊಡೆತ ಸಿಕ್ಕಿತು, ಒಬ್ಬ ಸತ್ತ. ಒಬ್ಬ ಹೆಂಗಸಿನ ಬಟ್ಟೆ ಬಿಚ್ಚಿಸಿ ಹೊಡೆದರು. ಬಿಟ್ಟಿ ಚಾಕರಿ ಅಂದರೆ ಏನು ಅಂತ ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಗೌಡರ ಹಿತ್ತಲಿನಲ್ಲಿ ಸೌದೆ ಸೀಳಿದ ತಾತಂದಿರ ಮೊಮ್ಮಕ್ಕಳು ನಾವು. ಪೀಪಲ್ಸ್ ಯೂನಿಯನ್ ಫಾರ್ ಡೆಮೊಕ್ರಾಟಿಕ್ ರೈಟ್ಸ್ ಸಂಘಟನೆ ಕೇಸು ಹಾಕಿತು. 1989ರಲ್ಲಿ ವರದಿಯಾದ ಆ ತೀರ್ಪಿನಲ್ಲಿ ಸತ್ತವನ ಸಂಸಾರಕ್ಕೆ ಪರಿಹಾರ ಬಂತು. ಆ ಹೆಂಗಸಿಗೆ 500 ರೂಪಾಯಿ. ಬಿಟ್ಟಿ ದುಡಿದ ಉಳಿದವರಿಗೆ ತಲಾ 25 ರೂಪಾಯಿ. ಹೌದು, ಐನೂರು ಮತ್ತು ಇಪ್ಪತ್ತೈದು. ಅಚ್ಚಿನ ತಪ್ಪಲ್ಲ.

ಈ ದಾರಿಯಲ್ಲಿ ಎಲ್ಲಕ್ಕಿಂತ ದೊಡ್ಡ ಹೆಜ್ಜೆ ಇಟ್ಟವಳು ಒರಿಸ್ಸಾದ ಸುಂದರಗಡ ಜಿಲ್ಲೆಯ ತಾಯಿ ನೀಲಾಬತಿ ಬೆಹೆರಾ. 1987ರ ಡಿಸೆಂಬರ್ 1ರ ಬೆಳಿಗ್ಗೆ ಎಂಟು ಗಂಟೆಗೆ ಅವಳ ಇಪ್ಪತ್ತೆರಡು ವರ್ಷದ ಮಗ ಸುಮನ್‌ನನ್ನು ಕಳ್ಳತನದ ಕೇಸಿನಲ್ಲಿ ಜರೈಕೆಲಾ ಔಟ್‌ಪೋಸ್ಟಿನ ಪೋಲೀಸರು ಮನೆಯಿಂದ ಕರೆದುಕೊಂಡು ಹೋದರು. ರಾತ್ರಿ ತಾಯಿ ಊಟ ತೆಗೆದುಕೊಂಡು ಹೋದಳು, ಮಗ ಉಂಡ. ಮರುದಿನ ಅವನ ಹೆಣ ರೈಲು ಹಳಿಯ ಮೇಲೆ ಸಿಕ್ಕಿತು. ಪೋಲೀಸರು ಹೇಳಿದ ಕಥೆ ಏನು ಗೊತ್ತೆ? ರಾತ್ರಿ ಮೂರು ಗಂಟೆಗೆ ಕಟ್ಟಿದ ಹಗ್ಗವನ್ನು ಹಲ್ಲಿನಿಂದ ಕಡಿದುಕೊಂಡು ಓಡಿಹೋದ, ರೈಲಿಗೆ ಸಿಕ್ಕಿ ಸತ್ತ.

ಆ ತಾಯಿ 1988ರ ಸೆಪ್ಟೆಂಬರ್ 14ರಂದು ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದಳು. ಕೋರ್ಟು ಆ ಕಾಗದವನ್ನೇ ರಿಟ್ ಅರ್ಜಿ ಅಂತ ತೆಗೆದುಕೊಂಡು ಸುಂದರಗಡದ ಜಿಲ್ಲಾ ನ್ಯಾಯಾಧೀಶರಿಂದ ವಿಚಾರಣೆ ಮಾಡಿಸಿತು. ಪೋಲೀಸರ ಕಥೆ ಅಲ್ಲಿ ಎಳೆ ಎಳೆಯಾಗಿ ಬಿಚ್ಚಿಕೊಂಡಿತು. ಹಗ್ಗದ ಎರಡು ತುದಿಗಳು ಒಂದಕ್ಕೊಂದು ಹೊಂದುವುದಿಲ್ಲ ಅಂತ ಪ್ರಯೋಗಾಲಯದ ವರದಿ ಬಂತು. ಮೈಮೇಲಿನ ಗಾಯಗಳು ಲಾಠಿಯಂಥ ಮೊಂಡ ವಸ್ತುವಿನಿಂದ ಆಗುವಂಥವು ಅಂತ ಹೆಣ ಕೊಯ್ದ ವೈದ್ಯರು ಹೇಳಿದರು. ಕೈದಿ ಓಡಿಹೋದ ಅನ್ನುವವರು ಅವನನ್ನು ಹುಡುಕಿದ್ದಕ್ಕೆ ಗುರುತೇ ಇರಲಿಲ್ಲ. ಹೆಣವನ್ನು ಮೊದಲು ನೋಡಿದ್ದೂ ರೈಲ್ವೆ ಗ್ಯಾಂಗ್‌ಮನ್‌ಗಳೇ, ಪೋಲೀಸರಲ್ಲ. 1993ರ ಮಾರ್ಚ್ 24ರಂದು ತೀರ್ಪು ಬಂತು: ತಾಯಿಗೆ ಒಂದೂವರೆ ಲಕ್ಷ ರೂಪಾಯಿ. ಹಣಕ್ಕಿಂತ ದೊಡ್ಡದು ಅದರ ಹಿಂದಿನ ಮಾತು. ಮೂಲಭೂತ ಹಕ್ಕು ಮುರಿದಾಗ ರಾಜ್ಯಾಧಿಕಾರದ ಕೆಲಸ ಅನ್ನುವ ಗುರಾಣಿ ನಡೆಯುವುದಿಲ್ಲ ಅಂತ ಕೋರ್ಟು ಹೇಳಿತು. ಆ ಪೀಠದ ಮೂವರಲ್ಲಿ ನಮ್ಮವರೇ ಆದ ವೆಂಕಟಾಚಲ ಒಬ್ಬರು. ಮುಂದೆ ಲೋಕಾಯುಕ್ತರಾಗಿ ಕರ್ನಾಟಕದ ಕಚೇರಿಗಳನ್ನು ನಡುಗಿಸಿದವರು. ಇಲ್ಲಿ ಇನ್ನೊಂದು ಗುಟ್ಟೂ ಇದೆ. 1979ರಲ್ಲಿ ಭಾರತ ಅಂತರರಾಷ್ಟ್ರೀಯ ಹಕ್ಕುಗಳ ಒಡಂಬಡಿಕೆಗೆ ಸೇರುವಾಗ, ಅಕ್ರಮ ಬಂಧನಕ್ಕೆ ಪರಿಹಾರ ಕೇಳುವ ಹಕ್ಕು ನಮ್ಮಲ್ಲಿಲ್ಲ ಅಂತ ಬರೆದುಕೊಟ್ಟೇ ಸೇರಿತ್ತು. ಸರ್ಕಾರ ಇಲ್ಲ ಅಂದದ್ದನ್ನು ಒಂದು ಕಾಗದ ಇದೆ ಅನ್ನಿಸಿತು.

ನಮ್ಮ ರಾಜ್ಯಕ್ಕೆ ಬರೋಣ. 1855ರಲ್ಲಿ ಮದ್ರಾಸಿಗೆ ಸೇರಿದ್ದ ಅದೇ ಕೊಳ್ಳೇಗಾಲ ಸೀಮೆಯ ಮಲೆ ಮಹದೇಶ್ವರ ಬೆಟ್ಟದಲ್ಲಿ, ವೀರಪ್ಪನ್ ಬೇಟೆಯ ಹೆಸರಿನಲ್ಲಿ 1993ರಿಂದ ಕರ್ನಾಟಕ ತಮಿಳುನಾಡುಗಳ ಜಂಟಿ ಕಾರ್ಯಪಡೆ ಬೀಡುಬಿಟ್ಟಿತು. ಅದರ ಹಿಂಸೆಯ ಕೋಣೆಗೆ ಜನ ಇಟ್ಟ ಹೆಸರು 'ವರ್ಕ್‌ಶಾಪ್'. ಕಾಡಂಚಿನ ಸೋಲಿಗರು, ಬಡ ರೈತರು, ಹೆಂಗಸರು ಅಲ್ಲಿ ಪಟ್ಟ ಪಾಡನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕು ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. ವರದಿ ಬಂದದ್ದು 2003ರಲ್ಲಿ. 2007ರಲ್ಲಿ ಆಯೋಗ 89 ಜನಕ್ಕೆ 2 ಕೋಟಿ 80 ಲಕ್ಷ ರೂಪಾಯಿ ಕೊಡಲು ಹೇಳಿತು. ಆ ಹಣ ಯಾರ ಜೇಬಿನದು? ಹೊಡೆದವನದಲ್ಲ. ಬೆಂಕಿಪೊಟ್ಟಣ ಕೊಂಡಾಗಲೂ ತೆರಿಗೆ ಕಟ್ಟುವ ನಮ್ಮ ನಿಮ್ಮ ಬೊಕ್ಕಸದ್ದು.

ಹೊಡೆದವನ ಮೇಲೆಯೇ ಹೋಗೋಣ ಅಂದರೆ ಕರ್ನಾಟಕ ಪೋಲೀಸ್ ಕಾಯಿದೆ 1963ರ 170ನೇ ಸೆಕ್ಷನ್ ಅಡ್ಡ ನಿಂತಿದೆ. ಕರ್ತವ್ಯದ ನೆಪದಲ್ಲಿ, ಅಥವಾ ಕರ್ತವ್ಯವನ್ನು ಮೀರಿ ಮಾಡಿದ ಕೆಲಸಕ್ಕೂ ಸರ್ಕಾರದ ಮುಂಚಿತ ಅನುಮತಿ ಇಲ್ಲದೆ ಪೋಲೀಸ್ ಅಧಿಕಾರಿಯ ಮೇಲೆ ಕ್ರಿಮಿನಲ್ ಕೇಸೂ ಇಲ್ಲ, ಸಿವಿಲ್ ದಾವೆಯೂ ಇಲ್ಲ. ದಾವೆಯಾದರೆ ಎರಡು ತಿಂಗಳ ನೋಟೀಸು ಬೇರೆ. 'ಮೀರಿ' ಅನ್ನುವ ಮಾತನ್ನು ಗಮನಿಸಿ. 2020ರಲ್ಲಿ ಬೆಂಗಳೂರಿನಿಂದ ಹೋದ ಒಂದು ಕಸ್ಟಡಿ ಹಿಂಸೆಯ ಕೇಸನ್ನು ಸುಪ್ರೀಂ ಕೋರ್ಟು ಇದೇ ಅನುಮತಿ ಇಲ್ಲ ಅಂತ ರದ್ದುಮಾಡಿತು. ಪೋಲೀಸರ ಮೇಲಿನ ದೂರು ಕೇಳಲು ರಾಜ್ಯಕ್ಕೊಂದು, ಜಿಲ್ಲೆಗೊಂದು ಪ್ರಾಧಿಕಾರ ಇರಬೇಕು ಅಂತ ಪ್ರಕಾಶ್ ಸಿಂಗ್ ಕೇಸಿನಲ್ಲಿ 2006ರಲ್ಲಿ ಆದೇಶವಾಯಿತು, 2012ರಲ್ಲಿ ನಮ್ಮ ಕಾಯಿದೆಗೂ ತಿದ್ದುಪಡಿ ಬಂತು. ಓದುಗರಲ್ಲಿ ಎಷ್ಟು ಮಂದಿ ನಿಮ್ಮ ಜಿಲ್ಲೆಯ ಪ್ರಾಧಿಕಾರದ ಬೋರ್ಡು ನೋಡಿದ್ದೀರಿ, ಬರೆದು ತಿಳಿಸಿ.

ದಲಿತರಿಗೆ ಇನ್ನೊಂದು ಹಿಡಿ ಇದೆ. ದೌರ್ಜನ್ಯ ತಡೆ ಕಾಯಿದೆಯ 4ನೇ ಸೆಕ್ಷನ್ ಪ್ರಕಾರ, ಬೇಕೆಂದೇ ಕರ್ತವ್ಯ ಮಾಡದ ದಲಿತೇತರ ಅಧಿಕಾರಿಗೆ ಆರು ತಿಂಗಳಿಂದ ಒಂದು ವರ್ಷ ಶಿಕ್ಷೆ. 2016ರಿಂದ ಜಾರಿಗೆ ಬಂದ ತಿದ್ದುಪಡಿ ಆ ಕರ್ತವ್ಯಗಳನ್ನು ಪಟ್ಟಿ ಮಾಡಿದೆ. ಮೊದಲನೆಯದೇ ಇದು: ಬಾಯಿಮಾತಿನ ದೂರನ್ನು ಬರೆದುಕೊಂಡ ಮೇಲೆ, ರುಜು ಹಾಕಿಸುವ ಮುಂಚೆ, ದೂರುದಾರನಿಗೆ ಅದನ್ನು ಓದಿ ಹೇಳಬೇಕು. ಹೆಬ್ಬೆಟ್ಟು ಒತ್ತಿಸಿಕೊಂಡು ಬೇರೆಯೇ ಕಥೆ ಬರೆದ ಸ್ಟೇಷನ್ನುಗಳನ್ನು ಕಂಡವರು ಈ ಸಾಲಿನ ಬೆಲೆ ಬಲ್ಲರು. ಆದರೆ ಅಧಿಕಾರಿಯ ಮೇಲೆ ಈ ಆರೋಪ ದಾಖಲಾಗಲು ಇಲಾಖೆಯೇ ವಿಚಾರಣೆ ಮಾಡಿ ಶಿಫಾರಸು ಮಾಡಬೇಕು. ಮತ್ತೆ ಅದೇ ಮನೆ ಬಾಗಿಲು.

ನೀಲಾಬತಿಯ ಕೇಸು ಗೆದ್ದದ್ದು ವಿವರಗಳಿಂದ. ಎಷ್ಟು ಗಂಟೆಗೆ ಕರೆದುಕೊಂಡು ಹೋದರು, ಯಾರು ಬಂದಿದ್ದರು, ಊಟ ಎಷ್ಟು ಹೊತ್ತಿಗೆ ಕೊಟ್ಟದ್ದು, ಜೊತೆಗೆ ಯಾರಿದ್ದರು. ಅರ್ಜಿ ಬರೆದುಕೊಡುವ ಗೆಳೆಯರು ಘೋಷಣೆಗಳನ್ನು ಮೆರವಣಿಗೆಗೆ ಇಟ್ಟುಕೊಂಡು ಇವನ್ನು ಮೊದಲು ಬರೆಯಲಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಗಾಯದ ಚೀಟಿ ಮಾಡಿಸಲಿ. ನಾವು ಆ ಹುಡುಗನ ವಿಷಯದಲ್ಲಿ ಅದನ್ನು ಮಾಡಿರಲಿಲ್ಲ. ಊತ ಇಳಿಯಲಿ ಅಂತ ಬಿಸಿನೀರಿನ ಶಾಖ ಕೊಡುತ್ತಾ ಮೂರು ದಿನ ಕಳೆದೆವು.

ನಮ್ಮ ಅರ್ಜಿಗೆ ಉತ್ತರ ಬಂದದ್ದು ಏಳು ತಿಂಗಳಿಗೆ. ಅರ್ಜಿದಾರರ ಹೆಸರು ವಿಳಾಸ ಇಲ್ಲದ ಕಾರಣ ಕಡತ ಮುಕ್ತಾಯಗೊಳಿಸಿದೆ ಅಂತ ಎರಡು ಸಾಲು. ಅದನ್ನು ಓದಿ ಹೇಳಲು ಕೇರಿಗೆ ಹೋದಾಗ ನೀಲಾಬತಿಯ ಕಥೆಯನ್ನೂ ಆ ತಾಯಿಗೆ ಹೇಳಿದೆವು. ಮೊರದಲ್ಲಿ ರಾಗಿ ಕೇರುತ್ತಾ ಪೂರ್ತಿ ಕೇಳಿಸಿಕೊಂಡಳು.

'ಅವ್ಳು ಹೆಸ್ರು ಹಾಕಿದ್ಲಾ?'

'ಹಾಕಿದ್ಲು ಅವ್ವ.'

'ಆಮ್ಯಾಕೆ ಊರಲ್ಲಿ ಇರಾಕ್ ಬುಟ್ರಾ ಅವ್ಳುನ್ನ?'

ತೀರ್ಪಿನಲ್ಲಿ ಅದನ್ನು ಬರೆದಿಲ್ಲ ಅಂತ ಹೇಳಿದೆವು.